ಸುತ್ತಿಗೆ ಬಿಟ್ಟುಹೋದ ಬಿರುಕು: ಕಲ್ಲಿನ ಹಿಡಿಯ ಚಾಕು ಮತ್ತು ಚರ್ಮದ ಒರೆ

ಪ್ರಶ್ನೆ: ಮರದ ಹಿಡಿಯ ಏಳೆಂಟು ಚಾಕುಗಳನ್ನು ಕೈಯಿಂದಲೇ ಮಾಡಿದ ಅನುಭವ ನನಗಿದೆ. ನನ್ನ ಮಾವನವರು ಚಾಕುಗಳನ್ನು ಸಂಗ್ರಹಿಸುತ್ತಾರೆ. ಅವರಿಗೆ ಕೊಡಲೆಂದು ಈ ಬಾರಿ ಲ್ಯಾಪಿಸ್ ಲಾಜುಲಿ ಎಂಬ ನೀಲಿ ಕಲ್ಲಿನ ಹಿಡಿಯಿರುವ ಚಾಕುವೊಂದನ್ನು ಮಾಡಿದೆ. ಅಲಗು 1084 ಎಂಬ ಇಂಗಾಲ ಹೆಚ್ಚಿರುವ ಉಕ್ಕಿನದು. ಕಲ್ಲಿನ ಎರಡು ಹೋಳುಗಳನ್ನು ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿ ಹಚ್ಚುವ ಅಂಟು) ಅಂಟಿಸಿ, ಮರಕ್ಕೆ ಮಾಡುವಂತೆಯೇ ಮೂರು ಹಿತ್ತಾಳೆ ಪಿನ್ ತೂರಿಸಿ, ತುದಿಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಗಲಿಸಿದೆ. ಕೈಚೀಲ ಹೊಲಿದು ಉಳಿದಿದ್ದ ಮೆತ್ತನೆಯ ಚರ್ಮದಲ್ಲಿ ಒರೆ ಮಾಡಿ, ಚಾಕುವನ್ನು ಅದರಲ್ಲೇ ಇಟ್ಟೆ. ಮೂರು ತಿಂಗಳ ಬಳಿಕ ತೆಗೆದು ನೋಡಿದರೆ ನಡುವಿನ ಪಿನ್ನಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು, ಅಲಗಿನ ಮೇಲೆ ಕಂದು ಚುಕ್ಕೆಗಳು, ಒರೆಯೊಳಗೆ ಮುಳುಗಿರುತ್ತಿದ್ದ ಮುಂದಿನ ಪಿನ್ನಿನ ಸುತ್ತ ಹಸಿರು ಕಿಲುಬು. ಒಬ್ಬರು ‘ಕಲ್ಲೇ ನಕಲಿ, ಅಸಲಿ ಕಲ್ಲು ಬಿರುಕು ಬಿಡುವುದಿಲ್ಲ’ ಎಂದರು. ಇನ್ನೊಬ್ಬರು ‘ಕಲ್ಲಿನ ಹಿಡಿ ಎಂದರೆ ಗಾಜಿನ ಪೆಟ್ಟಿಗೆಗೆ ಮಾತ್ರ, ಇವತ್ತಲ್ಲ ನಾಳೆ ಒಡೆಯುವುದೇ’ ಎಂದರು. ಇದನ್ನು ಸರಿಪಡಿಸಬಹುದೇ? ಹೊಸದು ಮಾಡುವುದಾದರೆ ಏನು ಬದಲಿಸಬೇಕು?

ಉತ್ತರ: ನಿಮ್ಮ ಚಾಕು ನನ್ನ ಮೇಜಿನ ಮೇಲಿಲ್ಲ. ಆದರೆ ಬಿರುಕು ಎಲ್ಲಿ ಹುಟ್ಟಿ ಎತ್ತ ಹೋಗಿದೆ ಎಂದು ನೀವು ಬರೆದಿರುವುದೇ ಸಾಕು. ಪಿನ್ನಿನ ಬಾಯಲ್ಲಿ ಹುಟ್ಟಿ ಹತ್ತಿರದ ಅಂಚಿನ ಕಡೆಗೆ ಓಡುವ ಬಿರುಕನ್ನು ಕಂಡರೆ ಈ ಕೆಲಸ ಮಾಡುವವರು ಕಲ್ಲಿನ ಜಾತಕ ಕೇಳುವುದಿಲ್ಲ, ಸುತ್ತಿಗೆಯನ್ನು ಹುಡುಕುತ್ತಾರೆ. ನೀವು ಮೂರು ರೋಗಗಳನ್ನು ಹೇಳಿದ್ದೀರಿ, ಕಾರಣಗಳು ಎರಡೇ. ಹೊರಲಾಗದ ಭಾರವನ್ನು ಕಲ್ಲಿಗೆ ಹೊರಿಸಿದಿರಿ. ಹೊತ್ತೊಯ್ಯಲು ಮಾತ್ರ ಬೇಕಾದ ಒರೆಯನ್ನು ಮನೆಯಾಗಿಸಿದಿರಿ.

ಮೊದಲು ಆ ಇಬ್ಬರು ಸಲಹೆಗಾರರ ಮಾತನ್ನು ತೂಗಿ ನೋಡೋಣ. ‘ಅಸಲಿ ಕಲ್ಲು ಬಿರುಕು ಬಿಡುವುದಿಲ್ಲ’ ಎಂಬುದು ತಲೆಕೆಳಗಾದ ಮಾತು. ಬಿರುಕು ಕಡಿಮೆ ಬಿಡುವುದು ನಕಲಿಯೇ! ಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿ ಮಾಡಿದ ಹಲಗೆಯಲ್ಲಿ ರಾಳದ ಬಾಗುವ ಗುಣ ಇರುವುದರಿಂದ ಅದು ನಿಮ್ಮ ಸುತ್ತಿಗೆಯನ್ನು ಸಹಿಸಿಕೊಂಡಿರುತ್ತಿತ್ತು. ಹಾಗೆಂದು ನಿಮ್ಮ ಕಲ್ಲು ಅಸಲಿ ಎಂದು ಬಿರುಕಿನಿಂದ ಸಾಬೀತಾಗುವುದೂ ಇಲ್ಲ. ಬಣ್ಣ ಹಾಕಿದ ಕಲ್ಲೋ ಎಂಬ ಅನುಮಾನವಿದ್ದರೆ, ಹೊರಗೆ ಕಾಣದ ಜಾಗದಲ್ಲಿ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿ ನೋಡಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದಾರೆ. ರಾಳದ ಕಲಬೆರಕೆಯಾದರೆ ಕಾಯಿಸಿದ ಸೂಜಿ ತಗುಲಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ.

ಗೊಂದಲದ ಬೇರು ನಮ್ಮ ಮಾತಿನಲ್ಲೇ ಇದೆ. ‘ಕಲ್ಲಿನಂತೆ ಗಟ್ಟಿ’ ಎನ್ನುತ್ತೇವೆ. ಆದರೆ ಈ ‘ಗಟ್ಟಿ’ ಎಂಬ ಒಂದೇ ಮಾತಿನೊಳಗೆ ಎರಡು ಗುಣಗಳು ಅಡಗಿವೆ: ಗೀರು ಬೀಳದ ಗಡಸುತನ ಮತ್ತು ಪೆಟ್ಟು ತಿಂದರೂ ಒಡೆಯದ ತಾಳಿಕೆ. ಇವೆರಡೂ ಒಂದೇ ಕಡೆ ಇರಬೇಕೆಂದಿಲ್ಲ. ವಜ್ರಕ್ಕಿಂತ ಗಡಸಾದ ರತ್ನ ಇಲ್ಲ, ಆದರೂ ಸುತ್ತಿಗೆಯ ಒಂದು ಏಟಿಗೆ ಅದು ಚೂರಾಗಬಲ್ಲದು. ಮೋಸ್ ಗಡಸುತನದ ಅಳತೆಗೋಲಿನಲ್ಲಿ ಅಗೇಟ್ ಮತ್ತು ಜಾಸ್ಪರ್ 6.5ರಿಂದ 7, ನಿಮ್ಮ ಲ್ಯಾಪಿಸ್ 5ರಿಂದ 5.5ರ ಆಸುಪಾಸು, ಮ್ಯಾಲಕೈಟ್ ಬರೀ 3.5ರಿಂದ 4. ನೆಫ್ರೈಟ್ ಜೇಡ್ 6ರಿಂದ 6.5, ಅಂದರೆ ಅಗೇಟ್‌ಗಿಂತ ಒಂದು ಕೈ ಮೆದು. ಆದರೆ ತಾಳಿಕೆಯಲ್ಲಿ ಅದರ ಮುಂದೆ ನಿಲ್ಲುವ ಕಲ್ಲು ಅಪರೂಪ. ಅದರೊಳಗಿನ ಸೂಕ್ಷ್ಮ ನಾರುಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಬಿರುಕಿಗೆ ನೇರ ದಾರಿ ಸಿಗುವುದಿಲ್ಲ. ಲ್ಯಾಪಿಸ್‌ನ ಕಥೆ ಬೇರೆ. ಅದು ಒಂದೇ ಖನಿಜವಲ್ಲ. ನೀಲಿ ಲಾಜುರೈಟ್, ಬಿಳಿ ಕ್ಯಾಲ್ಸೈಟ್, ಹೊನ್ನಿನ ಹುಡಿಯಂತೆ ಹೊಳೆಯುವ ಪೈರೈಟ್ ಎಲ್ಲ ಸೇರಿದ ಶಿಲೆ. ಈ ಮೂರರ ನಡುವಿನ ಗಡಿಗಳೆಲ್ಲ ಬಿರುಕಿಗೆ ತೆರೆದ ಬಾಗಿಲು.

ಎರಡನೆಯವರ ಮಾತನ್ನೂ ನಾನು ಒಪ್ಪುವುದಿಲ್ಲ. ಮೊಘಲರ ಕಾಲದ ಜೇಡ್ ಮತ್ತು ಸ್ಫಟಿಕದ ಹಿಡಿಗಳುಳ್ಳ ಕಠಾರಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಇಡಿಯಾಗಿವೆ. 1922ರಲ್ಲಿ ಪತ್ತೆಯಾದ ಈಜಿಪ್ಟಿನ ಅರಸ ಟುಟಾಂಖಾಮುನ್‌ನ ಸಮಾಧಿಯಲ್ಲಿದ್ದ ಉಲ್ಕಾಕಬ್ಬಿಣದ ಕಠಾರಿಯ ಹಿಡಿಯ ತುದಿಗೆ ಸ್ಫಟಿಕದ ಗುಂಡು ಇದೆ. ಮೂರು ಸಾವಿರ ವರ್ಷಗಳ ಮೇಲಾಯಿತು. ಹಳೆಯ ಕಠಾರಿಗಳಲ್ಲಿ ನನ್ನನ್ನು ಸೆಳೆಯುವುದು ಅವುಗಳ ರತ್ನಕ್ಕಿಂತ ಅವುಗಳ ಅಂಟು. ಕೊರೆದ ಕಲ್ಲಿನ ಹಿಡಿಯೊಳಗೆ ಅಲಗಿನ ಬಾಲವನ್ನು ಅರಗು, ರಾಳದಂಥ ಮಿಶ್ರಣ ಕರಗಿಸಿ ಕೂರಿಸುತ್ತಿದ್ದರು. ಉಕ್ಕಿಗೂ ಕಲ್ಲಿಗೂ ನಡುವೆ ಒಂದು ಮೆತ್ತನೆಯ ಹಾಸು. ಉಕ್ಕು ನಡುಗಿದರೆ ನಡುಕ ಅರಗಿನಲ್ಲೇ ಸಾಯುತ್ತದೆ. ನಿಮ್ಮ ಚಾಕುವಿನಲ್ಲಿ ಇಲ್ಲದ್ದು ಆ ಹಾಸು.

ಈಗ ನಿಮ್ಮ ಪಿನ್ನಿಗೆ ಬರೋಣ. ತುದಿಯನ್ನು ತಟ್ಟಿದಾಗ ಪಿನ್ ತುದಿಯಲ್ಲಿ ಮಾತ್ರವಲ್ಲ, ಒಳಗೂ ಸ್ವಲ್ಪ ಊದಿಕೊಳ್ಳುತ್ತದೆ. ಮರ ಆ ಒತ್ತಡಕ್ಕೆ ಒಳಸರಿದು ಜಾಗ ಕೊಡುತ್ತದೆ. ಅದಕ್ಕೇ ಮರದಲ್ಲಿ ಈ ವಿಧಾನ ಅಷ್ಟು ಚೆನ್ನಾಗಿ ಹಿಡಿಯುವುದು. ಕಲ್ಲು ಜಾಗ ಕೊಡುವುದಿಲ್ಲ. ಒತ್ತುವ ಬಲವನ್ನು ಕಲ್ಲು ಎಷ್ಟು ಬೇಕಾದರೂ ಹೊರುತ್ತದೆ, ಎಳೆಯುವ ಬಲಕ್ಕೆ ಮಾತ್ರ ತೀರ ಬಡಪಾಯಿ. ತೂತಿನೊಳಗಿನಿಂದ ಪಿನ್ ಹೊರಮುಖವಾಗಿ ತಳ್ಳಿದಾಗ ತೂತಿನ ಸುತ್ತಲಿನ ಕಲ್ಲು ಎಳೆತಕ್ಕೆ ಸಿಗುತ್ತದೆ. ಕೊರೆಯುವಾಗ ಆದ ಕಣ್ಣಿಗೆ ಕಾಣದ ಒಂದು ಸೀಳು ಅಲ್ಲಿದ್ದರೆ ಮುಗಿಯಿತು.

ಹಾಗಾದರೆ ಅದೇ ದಿನ ಏಕೆ ಒಡೆಯಲಿಲ್ಲ ಎಂದು ನೀವು ಕೇಳಬಹುದು. ಎಳೆತದಲ್ಲಿರುವ ಕಲ್ಲಿನ ಸೀಳು ನಿಧಾನವಾಗಿ ಬೆಳೆಯುತ್ತದೆ, ತೇವ ಅದಕ್ಕೆ ನೆರವಾಗುತ್ತದೆ. ಅದರ ಮೇಲೆ ಹಗಲಿನ ಬಿಸಿ, ರಾತ್ರಿಯ ತಂಪು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಉಕ್ಕು ತನ್ನ ಉದ್ದದ ದಶಲಕ್ಷದಲ್ಲಿ 11–12 ಪಾಲು ಹಿಗ್ಗುತ್ತದೆ, ಹಿತ್ತಾಳೆ ಸುಮಾರು 19 ಪಾಲು, ಗಟ್ಟಿಯಾದ ಎಪಾಕ್ಸಿ 50 ಪಾಲಿಗೂ ಹೆಚ್ಚು. 100 ಮಿಲಿಮೀಟರ್ ಹಿಡಿಯಲ್ಲಿ 20 ಡಿಗ್ರಿ ವ್ಯತ್ಯಾಸಕ್ಕೆ ಉಕ್ಕು ಹಿಗ್ಗುವುದು 0.02 ಮಿಲಿಮೀಟರ್ ಮಾತ್ರ. ಹಾಳೆಯ ದಪ್ಪಕ್ಕಿಂತ ಕಡಿಮೆ. ಆದರೆ ಪ್ರತಿದಿನವೂ ಅಷ್ಟು, ಅದೂ ಬಗ್ಗದ ಕಲ್ಲಿಗೆ ಬಗ್ಗದ ಅಂಟಿನಿಂದ ಬಿಗಿದ ಹಿಡಿಯಲ್ಲಿ. ಸುತ್ತಿಗೆ ಆರಂಭಿಸಿದ ಕೆಲಸವನ್ನು ಹವೆ ಮುಗಿಸಿತು.

ಹೊಸ ಚಾಕುವಿಗೆ ಹಾದಿಗಳು ಹಲವು. ನನ್ನ ಮೆಚ್ಚಿನದನ್ನು ಮೊದಲೇ ಹೇಳಿಬಿಡುತ್ತೇನೆ: ಹಿಡಿಯ ಮುಂದೊಂದು, ಹಿಂದೊಂದು ಬೋಲ್ಸ್ಟರ್, ಅಂದರೆ ಲೋಹದ ಗಟ್ಟಿ ತುಂಡು ಇಟ್ಟು, ಅವುಗಳ ನಡುವೆ ಕಲ್ಲನ್ನು ಕೂರಿಸುವುದು. ಬೋಲ್ಸ್ಟರ್‌ಗಳನ್ನು ನೀವು ಬೇಕಾದಷ್ಟು ತಟ್ಟಿ ಪಿನ್ ಮಾಡಿ. ಅವು ಲೋಹ, ತಡೆಯುತ್ತವೆ. ಆದರೆ ಆ ತಟ್ಟುವಿಕೆಯೆಲ್ಲ ಕಲ್ಲು ಹತ್ತಿರ ಬರುವ ಮೊದಲೇ ಮುಗಿದಿರಬೇಕು. ಚಾಕು ಕೈಜಾರಿ ಬಿದ್ದರೆ ನೆಲಕ್ಕೆ ಮೊದಲು ತಾಗುವುದು ಸಾಮಾನ್ಯವಾಗಿ ತುದಿ, ಅಲ್ಲಿ ಲೋಹವಿರುತ್ತದೆ. ಕಲ್ಲಿನ ಕೆಳಗೆ 0.5ರಿಂದ 0.8 ಮಿಲಿಮೀಟರ್ ದಪ್ಪದ ವಲ್ಕನೈಸ್ಡ್ ಫೈಬರ್ (ಒತ್ತಿ ಗಟ್ಟಿಮಾಡಿದ ನಾರಿನ ಕಾಗದ) ಹಾಳೆ ಹಾಸಿ. ಅರಗಿನ ಕೆಲಸವನ್ನು ಈ ಹಾಳೆ ಮಾಡುತ್ತದೆ. ಅಂಟು ಐದು ನಿಮಿಷದ್ದು ಬೇಡ. ಇಡೀ ದಿನ ತೆಗೆದುಕೊಂಡು ಗಟ್ಟಿಯಾಗುವ, ಸ್ವಲ್ಪ ಬಾಗುವ ಗುಣವಿರುವ ಎಪಾಕ್ಸಿ ಬೇಕು. ಸೂಪರ್ ಗ್ಲೂ ಒಣಗಿದ ಮೇಲೆ ಬಿಸ್ಕತ್ತಿನಂತೆ ಪುಟುಕ್ಕನೆ ಮುರಿಯುವ ಜಾತಿ. ಸಣ್ಣ ಸೀಳು ತುಂಬಲು ಅದು ಸರಿ, ಹಿಡಿ ಅಂಟಿಸಲು ಅಲ್ಲ. ಅಂಟಿಸುವ ಮುಖಗಳನ್ನು 80ರ (ಕಣದ ಸಂಖ್ಯೆ; ಸಂಖ್ಯೆ ಏರಿದಷ್ಟೂ ನಯ) ಮರಳು ಕಾಗದದಿಂದ ಒರಟಾಗಿಸಿ, ಅಸಿಟೋನ್‌ನಿಂದ ಒರೆಸಿ, ಆಮೇಲೆ ಬೆರಳು ಸೋಕಿಸಬೇಡಿ. ಹಿಡಿಯೊಳಗಿನ ಉಕ್ಕಿಗೆ ನಾಲ್ಕಾರು ತೂತು ಕೊರೆದಿಟ್ಟರೆ ಎರಡು ಬದಿಯ ಅಂಟು ಅವುಗಳ ಮೂಲಕ ಕೈಕೈ ಹಿಡಿಯುತ್ತದೆ. ಕ್ಲಾಂಪನ್ನು ಮಾತ್ರ ಸಡಿಲವಾಗಿ ಹಾಕಿ. ಬಿಗಿದಷ್ಟೂ ಗಟ್ಟಿ ಎಂದು ತಿರುವಿದರೆ ಅಂಟೆಲ್ಲ ಹಿಂಡಿ ಹೊರಬಂದು, ಒಳಗೆ ಉಳಿಯುವುದು ಬರೀ ನಂಬಿಕೆ.

ಇದರಲ್ಲಿ ಅಪಾಯ ಇಲ್ಲವೇ? ಇದೆ. ಬೋಲ್ಸ್ಟರ್ ಮತ್ತು ಕಲ್ಲು ಕೂಡುವ ಗೆರೆಯಲ್ಲಿ ಎಲ್ಲರ ಕಣ್ಣೂ ನಿಲ್ಲುತ್ತದೆ. ಅಲ್ಲಿ ಬೆಳಕು ತೂರಿದರೆ ಸಂಗ್ರಾಹಕರು ಕೆಳಗಿಡುತ್ತಾರೆ. ಆ ಕೂಡುಗೆರೆಯನ್ನು ನೇರವಾಗಿಯೇ ಇಡಿ. ಮರದಲ್ಲಿ ಮಾಡುವಂತೆ ಓರೆಯಾಗಿ ಕತ್ತರಿಸಿ ಒಂದರಡಿ ಒಂದು ತೂರಿಸಲು ಹೋದರೆ ಕಲ್ಲಿನ ಅಂಚು ತೆಳುವಾಗಿ ಚಕ್ಕೆ ಏಳುತ್ತದೆ.

ಕಲ್ಲಿಗೂ ಪಿನ್ ಬೇಕೇ ಬೇಕು ಎನ್ನಿಸಿದರೆ, ವಜ್ರದ ಪುಡಿ ಕೂರಿಸಿದ ಟೊಳ್ಳು ಡ್ರಿಲ್ಲಿನಿಂದ ನೀರಿನಡಿ ಕೊರೆದು, ಪಿನ್ನಿಗಿಂತ ತೂತನ್ನು 0.1–0.2 ಮಿಲಿಮೀಟರ್ ದೊಡ್ಡದಾಗಿಸಿ, ನಡುವಿನ ಜಾಗದಲ್ಲಿ ಅಂಟು ತುಂಬಿ. ಪಿನ್ ಅಲ್ಲಿ ತೇಲುತ್ತಿರಬೇಕು. ತಟ್ಟುವ ಮಾತೇ ಇಲ್ಲ. ಡ್ರಿಲ್ ಇನ್ನೊಂದು ಬದಿಗೆ ಹೊರಬರುವ ಹೊತ್ತಿಗೆ ಚಕ್ಕೆ ಏಳದಂತೆ ಕಲ್ಲಿನ ಬೆನ್ನಿಗೆ ಮರದ ತುಂಡು ಒತ್ತಿ ಹಿಡಿದಿರಿ.

ಎಲ್ಲಕ್ಕಿಂತ ಕ್ಷೇಮದ ಹಾದಿಯೆಂದರೆ ಲೋಹದ ಹಿಡಿಯಲ್ಲೇ ಆಳವಿಲ್ಲದ ಗುಂಡಿ ಕೆತ್ತಿ, ಅದರೊಳಗೆ 2–3 ಮಿಲಿಮೀಟರ್ ಕಲ್ಲನ್ನು ಉಂಗುರಕ್ಕೆ ಹರಳು ಕೂರಿಸಿದಂತೆ ಕೂರಿಸುವುದು. ಕಲ್ಲಿನ ಸುತ್ತಲೂ ಲೋಹದ ಕೋಟೆ ಇರುತ್ತದೆ. ಆದರೆ ಇದಕ್ಕೆ ಮಿಲ್ಲಿಂಗ್ ಯಂತ್ರ ಅಥವಾ ಅಪಾರ ತಾಳ್ಮೆ ಬೇಕು, ಹಿಡಿಯ ತೂಕವೂ ಏರುತ್ತದೆ. ಗುಂಡಿಯ ಒಳಮೂಲೆಗಳನ್ನು ದುಂಡಗಿಡಿ. ಚೂಪು ಮೂಲೆಗೆ ಹೊಂದುವಂತೆ ಕತ್ತರಿಸಿದ ಕಲ್ಲು ಆ ಮೂಲೆಯಿಂದಲೇ ಮುರಿಯುತ್ತದೆ. ಕಲ್ಲಿನ ಬಿಲ್ಲೆಗಳನ್ನೂ ಹಿತ್ತಾಳೆ ಬಿಲ್ಲೆಗಳನ್ನೂ ಒಂದಾದ ಮೇಲೊಂದು ಪೋಣಿಸಿ, ಸಪೂರ ಬಾಲದ ಅಲಗಿಗೆ ಹಿಡಿ ಕಟ್ಟುವ ಶೈಲಿಯೂ ಇದೆ. ಚೆಲುವೇನೋ ಚೆಲುವೇ. ಪ್ರತಿ ಬಿಲ್ಲೆಯ ನಡುವೆ ತೂತು ಕೊರೆಯುವಾಗ ಮೂರಕ್ಕೆ ಒಂದು ಒಡೆದರೂ ಬೇಸರಪಡದವರು ಮಾತ್ರ ಅದಕ್ಕೆ ಕೈ ಹಾಕಬೇಕು. ರಾಳ ಬೆರೆಸಿದ ಕಲ್ಲಿನ ಹಲಗೆಯನ್ನು ನಾನು ಕೀಳೆಂದು ಹೇಳುವುದಿಲ್ಲ. ದಿನಬಳಕೆಯ ಚಾಕುವಿಗೆ ಅದೇ ಮೇಲು. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆದು ಕೊಡಬೇಕು.

ತೂಕದ ವಿಷಯ ಅನೇಕರಿಗೆ ಕೊನೆಯಲ್ಲಿ ಹೊಳೆಯುತ್ತದೆ. ಹಿಡಿಗೆ ಬಳಸುವ ಹೆಚ್ಚಿನ ಮರಗಳು ನೀರಿಗಿಂತ ಹಗುರ ಅಥವಾ ಅಷ್ಟೇ ಭಾರ. ಅಗೇಟ್ ನೀರಿಗಿಂತ 2.6 ಪಟ್ಟು ಭಾರ, ಲ್ಯಾಪಿಸ್ 2.7–2.9 ಪಟ್ಟು, ಮ್ಯಾಲಕೈಟ್ ಸುಮಾರು 4 ಪಟ್ಟು. ಮರದ ಹಿಡಿಗೆಂದು ಎಳೆದ ನಕ್ಷೆಯಲ್ಲೇ ಕಲ್ಲು ಹಾಕಿದರೆ ಚಾಕು ಹಿಂದಕ್ಕೆ ತೂಗುತ್ತದೆ. ಕಲ್ಲನ್ನು ತೆಳುವಾಗಿಸಿ, ಇಲ್ಲವೇ ಅಲಗಿನ ಬೆನ್ನನ್ನು ತುಸು ದಪ್ಪ ಬಿಡಿ.

ಅರೆಯುವ ಕೆಲಸದ ಬಗ್ಗೆ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಅಗೇಟ್, ಜಾಸ್ಪರ್‌ನಂಥ ಕಲ್ಲುಗಳು ಸಿಲಿಕಾ. ಅವುಗಳ ನಯವಾದ ಧೂಳು ಶ್ವಾಸಕೋಶ ಸೇರಿದರೆ ಮರಳಿ ಬರುವುದಿಲ್ಲ. ಅದರಿಂದ ಬರುವ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಔಷಧಿಯಿಲ್ಲ. ಮ್ಯಾಲಕೈಟ್ ಧೂಳಿನಲ್ಲಿ ತಾಮ್ರ ಇದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅರೆಯುವುದು ಬಲೆ ಹಿಡಿದು ಹೊಗೆ ತಡೆದಂತೆ. ಸದಾ ನೀರು ಹರಿಸುತ್ತಾ ಅರೆಯಿರಿ, ಮೇಲೆ ಧೂಳು ಸೋಸುವ ಸರಿಯಾದ ಮುಖಗವಸು ಹಾಕಿ, ಕೆಸರು ಒಣಗುವ ಮುನ್ನ ಒರೆಸಿ ತೆಗೆಯಿರಿ. ಒಣಗಿದ ಕೆಸರೆಂದರೆ ಮತ್ತೆ ಧೂಳೇ. ನೀರು ಕಲ್ಲನ್ನೂ ಕಾಯುತ್ತದೆ. ನನ್ನ ಮೊದಲ ಜಾಸ್ಪರ್ ಹಿಡಿ ಕೊನೆಯ ಹೊಳಪಿನ ಹೊತ್ತಿಗೆ ಕೈ ಸುಡುವಷ್ಟು ಬಿಸಿಯಾಗಿತ್ತು. ಬೇಗ ತಣಿಯಲಿ ಎಂದು ತಣ್ಣೀರಿಗೆ ಅದ್ದಿದೆ. ‘ಟಿಕ್’ ಎಂಬ ಸಣ್ಣ ಸದ್ದು ಬಂತು, ಅಷ್ಟೇ. ಹನ್ನೊಂದು ದಿನದ ಕೆಲಸ. ಬಹಳಷ್ಟು ಎಪಾಕ್ಸಿಗಳು 60–70 ಡಿಗ್ರಿಯಿಂದಲೇ ಮೆದುವಾಗತೊಡಗುತ್ತವೆ ಎಂಬುದೂ ನೆನಪಿರಲಿ.

ವಜ್ರದ ಪಟ್ಟಿಯಲ್ಲಿ 220, 600, 1200, 3000 ಹೀಗೆ ಮೆಟ್ಟಿಲು ತಪ್ಪಿಸದೆ ಏರಿ. ಕೊನೆಯ ಹೊಳಪಿಗೆ ಅಗೇಟ್, ಜಾಸ್ಪರ್‌ಗೆ ಸೀರಿಯಮ್ ಆಕ್ಸೈಡ್ ಒಗ್ಗುತ್ತದೆ, ಜೇಡ್‌ಗೆ ಕ್ರೋಮ್ ಆಕ್ಸೈಡ್. ಲ್ಯಾಪಿಸ್‌ನಲ್ಲಿ ಮೆದು ಕ್ಯಾಲ್ಸೈಟ್ ಬೇಗ ಸವೆದು ನೀಲಿಯ ನಡುವೆ ಸಣ್ಣ ಹಳ್ಳಗಳು ಬೀಳುತ್ತವೆ. ಮೆತ್ತನೆಯ ಬಟ್ಟೆಚಕ್ರ ಅದನ್ನು ಹೆಚ್ಚಿಸುತ್ತದೆ. ಗಟ್ಟಿ ತಳದ ಮೇಲೆ, ಕಡಿಮೆ ಒತ್ತಡದಲ್ಲಿ ಮಾಡಿ.

ಕ್ರಮವೂ ಮುಖ್ಯ. ಅಲಗಿನ ಹದ ಕೊಡುವ ಕೆಲಸವೆಲ್ಲ ಮುಗಿದ ಮೇಲೆಯೇ ಕಲ್ಲು. 1084 ಉಕ್ಕನ್ನು ಸುಮಾರು 815 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಬಳಿಕ 200 ಡಿಗ್ರಿಯ ಆಸುಪಾಸಿನಲ್ಲಿ ಎರಡೆರಡು ಗಂಟೆ ಎರಡು ಬಾರಿ ಹದಗೊಳಿಸುವುದು ನಿಮಗೆ ಗೊತ್ತೇ ಇದೆ. ಮುಂದೆ ಎಂದಾದರೂ ಪದರ ಪದರ ಬೆಸೆದ, ‘ಡಮಾಸ್ಕಸ್’ ಎಂದು ಮಾರುವ ಉಕ್ಕು ಬಳಸಿದರೆ, ಅದರ ಚಿತ್ತಾರ ಎಬ್ಬಿಸುವ ಫೆರಿಕ್ ಕ್ಲೋರೈಡ್‌ನ ಆಮ್ಲೀಯ ಸ್ನಾನವೂ ಕಲ್ಲು ಕೂರಿಸುವ ಮೊದಲೇ ಆಗಬೇಕು. ಕ್ಯಾಲ್ಸೈಟ್ ಆಮ್ಲಕ್ಕೆ ಕರಗುತ್ತದೆ. ಒಂದು ಹನಿ ಸಾಕು, ಲ್ಯಾಪಿಸ್‌ನ ಹೊಳಪು ಹೋಗಲು.

ಇನ್ನು ಒರೆ. ಕೈಚೀಲದ ಮೆತ್ತನೆಯ ಚರ್ಮ ಬಹುತೇಕ ಕ್ರೋಮಿಯಂ ಲವಣಗಳಿಂದ ಹದಮಾಡಿದ್ದು. ಅದರಲ್ಲಿ ಉಳಿಯುವ ಲವಣಗಳು ಗಾಳಿಯ ತೇವದೊಂದಿಗೆ ಸೇರಿ ಉಕ್ಕನ್ನು ಕಚ್ಚುತ್ತವೆ. 1084 ಉಕ್ಕಿನಲ್ಲಿ ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲದಿರುವುದರಿಂದ ಕಂದು ಚುಕ್ಕೆ ಅನಿವಾರ್ಯವಾಯಿತು. ಹಸಿರು ಕಿಲುಬು ಹಿತ್ತಾಳೆಯೊಳಗಿನ ತಾಮ್ರವೂ ಚರ್ಮದ ಕೊಬ್ಬು, ಎಣ್ಣೆಗಳೂ ಕೂಡಿ ಹುಟ್ಟಿದ್ದು. ಮರದ ತೊಗಟೆಯ ಟ್ಯಾನಿನ್‌ನಿಂದ ಹದಮಾಡಿದ ಚರ್ಮ ಕೊಳ್ಳಿ, 3ರಿಂದ 3.5 ಮಿಲಿಮೀಟರ್ ದಪ್ಪದ್ದು. ಆದರೆ ಅದೂ ಆಮ್ಲ ಗುಣದ್ದೇ, ಅದೂ ತೇವ ಹೀರುತ್ತದೆ. ಆದ್ದರಿಂದ ಯಾವ ಒರೆಯಲ್ಲೂ ಚಾಕುವನ್ನು ತಿಂಗಳುಗಟ್ಟಲೆ ಇಡುವುದು ತಪ್ಪು. ಪೆಟ್ಟಿಗೆಯಲ್ಲಿ ಚಾಕು ಬೇರೆ, ಒರೆ ಬೇರೆ ಮಲಗಲಿ. ಅಲಗಿಗೆ ಮೈಕ್ರೊಕ್ರಿಸ್ಟಲಿನ್ ಮೇಣದ ತೆಳು ಲೇಪ, ಪಕ್ಕದಲ್ಲೊಂದು ಸಿಲಿಕಾ ಜೆಲ್ ಪೊಟ್ಟಣ.

ಒರೆಯ ಅಂಚಿನಲ್ಲಿ ಹೊಲಿಗೆಗೂ ಅಲಗಿನ ಬಾಯಿಗೂ ನಡುವೆ ಚರ್ಮದ ಒಂದು ಪಟ್ಟಿ ಇಟ್ಟು ಹೊಲಿಯಿರಿ. ಇಲ್ಲದಿದ್ದರೆ ಚಾಕು ತನ್ನ ಒರೆಯ ದಾರವನ್ನೇ ಕತ್ತರಿಸುತ್ತದೆ. ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ಹಾಯಿಸುವ ಹೊಲಿಗೆಯೇ ಬೇಕು. ಒಂದು ಕಡೆ ದಾರ ಸವೆದರೂ ಇನ್ನೊಂದು ಹಿಡಿದಿರುತ್ತದೆ. ಚರ್ಮವನ್ನು ನೆನೆಸಿ ಚಾಕುವಿನ ಆಕಾರಕ್ಕೆ ಒತ್ತುವಾಗ ಚಾಕುವಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿರಿ, ಆಕಾರ ಬಂದ ಕೂಡಲೇ ಚಾಕುವನ್ನು ತೆಗೆದು, ಒರೆಯನ್ನು ನೆರಳಲ್ಲಿ ಒಣಗಿಸಿ. ಒಣಗುತ್ತಾ ಚರ್ಮ ಕುಗ್ಗುತ್ತದೆ. ಅದು ಬೋಲ್ಸ್ಟರ್ ಅನ್ನು ಬಿಗಿಯಾಗಿ ಹಿಡಿಯಲಿ, ಕಲ್ಲನ್ನಲ್ಲ. ಹೊರತೆಗೆಯುವಾಗಿನ ತಿರುಚುವ ಬಲ ಕಲ್ಲಿನ ಮೇಲೆ ಬೀಳಬಾರದು. ಒರೆಗೆ ಒತ್ತುಗುಂಡಿಯ (ಬಟನ್) ಪಟ್ಟಿ ಇಟ್ಟರೆ ಅದರ ಲೋಹ ಕಲ್ಲಿಗೆ ತಾಗದಂತೆ ಒಳಗೆ ಚರ್ಮದ ತೇಪೆ ಹಾಕಿ.

ಉಳಿದದ್ದು ನಿಮ್ಮ ಹಳೆಯ ಚಾಕು. ಕಲ್ಲನ್ನು ಕಿತ್ತು ಹೊಸದು ಹಾಕುವ ಆಸೆ ಬರುತ್ತದೆ. ಎಪಾಕ್ಸಿ ಸಡಿಲಿಸಲು 120–150 ಡಿಗ್ರಿ ಬಿಸಿ ಸಾಕಾದೀತು. ಹದಗೊಳಿಸಿದ ಶಾಖಕ್ಕಿಂತ ಅದು ಕಡಿಮೆಯಾದ್ದರಿಂದ ಅಲಗಿಗೆ ತೊಂದರೆಯಿಲ್ಲ. ಆದರೆ ಮೊದಲು ಪಿನ್‌ಗಳನ್ನು ಕೊರೆದು ತೆಗೆಯಬೇಕು, ಬಿರುಕಿಲ್ಲದ ಬದಿಯ ಕಲ್ಲೂ ಆ ಬಿಸಿಗೆ ಹೋಗುವ ಸಂಭವವೇ ಹೆಚ್ಚು. ನಾನಾಗಿದ್ದರೆ ಕೀಳುವುದಿಲ್ಲ. ಬಿರುಕನ್ನು ಅಸಿಟೋನ್‌ನಿಂದ ತೊಳೆದು ಒಣಗಿಸಿ, ತೆಳುವಾದ ಸೂಪರ್ ಗ್ಲೂ ತಾನಾಗಿ ಒಳಗೆ ಹೀರುವಂತೆ ಹನಿಸಿ, ಮರುದಿನ ಮೇಲ್ಮೈಯನ್ನು ನಯಗೊಳಿಸುತ್ತೇನೆ. ಬಿರುಕು ಮುಂದೆ ಓಡದಂತೆ ತಡೆಯಲು ಬಹುಮಟ್ಟಿಗೆ ಇದು ಸಾಕು, ಪೂರ್ತಿ ಮರೆಮಾಚಲು ಸಾಲದು. ಕಂದು ಚುಕ್ಕೆಗಳು ಮೇಲ್ಮಟ್ಟದವಾದರೆ ಎಣ್ಣೆ ಮತ್ತು 1500ರ ಮರಳು ಕಾಗದಕ್ಕೆ ಹೋಗುತ್ತವೆ; ಉಗುರಿಗೆ ಹಳ್ಳ ಸಿಕ್ಕಿದರೆ ಆಳವಾಗಿ ಕಚ್ಚಿದೆ ಎಂದರ್ಥ, ಇಡೀ ಅಲಗನ್ನು ಮತ್ತೆ ಅರೆಯಬೇಕಾದೀತು. ಹಸಿರು ಕಿಲುಬನ್ನು ಮರದ ಕಡ್ಡಿಯಿಂದ ಕೆರೆದು, ಬಟ್ಟೆಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ.

ಆ ಚಾಕುವನ್ನು ನಿಮ್ಮ ಬಳಿಯೇ ಇಟ್ಟುಕೊಂಡು ಮಾವನವರಿಗೆ ಹೊಸದು ಮಾಡಿ. ಹಳೆಯದನ್ನೇ ಕೊಡುವುದಾದರೆ ಬಿರುಕು ತುಂಬಿದ್ದನ್ನು ಕೊಡುವಾಗಲೇ ಹೇಳಿಬಿಡಿ. ಸಂಗ್ರಾಹಕರ ಜೇಬಿನಲ್ಲಿ ಭೂತಗನ್ನಡಿ ಇದ್ದೇ ಇರುತ್ತದೆ.